ಜೆನೆರಿಕ್ ಸಂಗ್ರಹಗಳಲ್ಲಿ ಪ್ರಕಾರ ವಿಸಂಗತಿ: ದೋಷದ ಹುಟ್ಟು ಮತ್ತು ಗೋಚರ

ಗಣಕಯಂತ್ರದ ಸ್ಮೃತಿಯಲ್ಲಿ ಇರುವುದೆಲ್ಲವೂ ಅಂತಿಮವಾಗಿ ಸೊನ್ನೆ ಮತ್ತು ಒಂದರ ಸಾಲುಗಳೇ. ಅಂಥ ಒಂದು ಸಾಲನ್ನು ಸಂಖ್ಯೆಯೆಂದು ಓದಬೇಕೆ, ಅಕ್ಷರಮಾಲೆಯೆಂದು ಓದಬೇಕೆ ಅಥವಾ ದಿನಾಂಕವೆಂದು ಓದಬೇಕೆ ಎಂಬುದನ್ನು ಆ ಸಾಲು ತಾನಾಗಿ ಹೇಳಲಾರದು. ಅದನ್ನು ನಿರ್ಣಯಿಸುವ ಕಟ್ಟುಪಾಡಿಗೆ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ‘ಟೈಪ್’ ಎಂದು ಹೆಸರು. ಈ ಪದಕ್ಕೆ ಕನ್ನಡದಲ್ಲಿ ಸರ್ವಸಮ್ಮತವಾದ ಪಾರಿಭಾಷಿಕ ರೂಪವೊಂದು ಇನ್ನೂ ನೆಲೆಗೊಂಡಿಲ್ಲವಾದ ಕಾರಣ ಇಲ್ಲಿ ‘ಪ್ರಕಾರ’ ಎಂಬ ಪದವನ್ನು ಬಳಸಲಾಗಿದೆ. ಒಂದು ಪ್ರಕಾರದ ಮೌಲ್ಯವನ್ನು ನಿರೀಕ್ಷಿಸಿದ ಜಾಗಕ್ಕೆ ಅದಕ್ಕೆ ಹೊಂದದ ಮತ್ತೊಂದು ಪ್ರಕಾರದ ಮೌಲ್ಯ ಬಂದಾಗ ಉಂಟಾಗುವುದೇ ಪ್ರಕಾರ ವಿಸಂಗತಿ.

ಬಿಡಿ ಮೌಲ್ಯಗಳ ವಿಷಯದಲ್ಲಿ ಇದು ಸರಳವಾದ ಸಂಗತಿ. ಸಂಖ್ಯೆ ಬೇಕಾದಲ್ಲಿ ಹೆಸರನ್ನು ಕೊಟ್ಟರೆ ಕಂಪೈಲರ್ ತಿರಸ್ಕರಿಸುತ್ತದೆ, ಅದರ ಕಾರಣ ಯಾರಿಗೂ ಅರ್ಥವಾಗುತ್ತದೆ. ಸಂಗ್ರಹಗಳ ವಿಷಯಕ್ಕೆ ಬಂದಾಗ ಮಾತ್ರ ಈ ತಿರಸ್ಕಾರ ವಿಚಿತ್ರವಾಗಿ ತೋರುತ್ತದೆ. ಅನೇಕ ವೇಳೆ ಸರಿಯಾದುದನ್ನೇ ತಡೆದಂತೆ ಭಾಸವಾಗುತ್ತದೆ. ಜಾವಾ, ಸಿ ಶಾರ್ಪ್ ಮುಂತಾದ ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳನ್ನು ಕಲಿಯುವವರು ಈ ಹಂತದಲ್ಲಿ ಕಂಪೈಲರನ್ನು ಹಟಮಾರಿಯೆಂದು ಭಾವಿಸಿ, ಅದನ್ನು ಹೇಗಾದರೂ ಸುಮ್ಮನಾಗಿಸುವ ದಾರಿ ಹುಡುಕುವುದುಂಟು. ಆದರೆ ಪರಿಶೀಲಿಸಬೇಕಾದ ಪ್ರಶ್ನೆ ಬೇರೆಯೇ ಇದೆ. ವಿಸಂಗತಿಯೊಂದು ಹುಟ್ಟಿದ ಸ್ಥಳಕ್ಕೂ ಅದು ಕಾಣಿಸಿಕೊಳ್ಳುವ ಸ್ಥಳಕ್ಕೂ ನಡುವೆ ಎಷ್ಟು ದೂರವನ್ನು ಒಂದು ಭಾಷೆ ಅನುಮತಿಸುತ್ತದೆ? ಕಳೆದ ಮೂರು ದಶಕಗಳ ಭಾಷಾವಿನ್ಯಾಸದ ಚರಿತ್ರೆಯ ಒಂದು ಮುಖ್ಯ ಎಳೆಯನ್ನು ಈ ಪ್ರಶ್ನೆಯ ಮೂಲಕ ಓದಲು ಸಾಧ್ಯವಿದೆ.

ಗ್ರಂಥಾಲಯವೊಂದರ ಸೂಚಿಯನ್ನು ನಿರ್ವಹಿಸುವ ತಂತ್ರಾಂಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರಲ್ಲಿ ‘ಕೃತಿ’ ಎಂಬ ಸಾಮಾನ್ಯ ಪ್ರಕಾರವಿದೆ. ‘ಪುಸ್ತಕ’ ಮತ್ತು ‘ಧ್ವನಿಮುದ್ರಿಕೆ’ ಅದರ ಉಪಪ್ರಕಾರಗಳು. ಪ್ರತಿ ಪುಸ್ತಕವೂ ಒಂದು ಕೃತಿ. ಆದುದರಿಂದ ಕೃತಿಯನ್ನು ಬಯಸುವ ಯಾವುದೇ ವಿಧಾನಕ್ಕೆ ಪುಸ್ತಕವನ್ನು ನಿರಾತಂಕವಾಗಿ ಒಪ್ಪಿಸಬಹುದು. ಈಗ ಜೆನೆರಿಕ್ ಸಂಗ್ರಹದ ಕಡೆಗೆ ತಿರುಗಿದರೆ, ‘ಲಿಸ್ಟ್’ ಎಂಬುದು ಭರ್ತಿ ಮಾಡಬೇಕಾದ ಖಾಲಿ ಜಾಗವೊಂದನ್ನು ಉಳಿಸಿಕೊಂಡಿರುವ ಅಚ್ಚಿನಂಥದು. ಆ ಜಾಗದಲ್ಲಿ ‘ಪುಸ್ತಕ’ ಎಂದು ತುಂಬಿದರೆ ಪುಸ್ತಕಗಳ ಪಟ್ಟಿ, ‘ಕೃತಿ’ ಎಂದು ತುಂಬಿದರೆ ಕೃತಿಗಳ ಪಟ್ಟಿ ಸಿದ್ಧವಾಗುತ್ತದೆ. ಪುಸ್ತಕವು ಕೃತಿಯಾದರೆ ಪುಸ್ತಕಗಳ ಪಟ್ಟಿಯೂ ಕೃತಿಗಳ ಪಟ್ಟಿಯೇ ಅಲ್ಲವೇ? ಲೋಕವ್ಯವಹಾರದ ಉತ್ತರ ‘ಹೌದು’. ಜಾವಾ ಕಂಪೈಲರಿನ ಉತ್ತರ ‘ಅಲ್ಲ’.

ಕಂಪೈಲರಿನ ಪಕ್ಷ ಸರಿಯೆಂಬುದಕ್ಕೆ ಒಂದು ಸಣ್ಣ ಪ್ರಯೋಗ ಸಾಕು. ಪುಸ್ತಕಗಳ ಪಟ್ಟಿಯನ್ನು ಕೃತಿಗಳ ಪಟ್ಟಿಯೆಂಬ ಹೆಸರಿನಲ್ಲಿ ಬೇರೊಂದು ವಿಧಾನಕ್ಕೆ ಒಪ್ಪಿಸಿದೆವೆಂದು ಕಲ್ಪಿಸಿಕೊಂಡರೆ, ಆ ವಿಧಾನದ ದೃಷ್ಟಿಯಲ್ಲಿ ಅದು ಕೃತಿಗಳ ಪಟ್ಟಿ. ಆದಕಾರಣ ಅದಕ್ಕೆ ಒಂದು ಧ್ವನಿಮುದ್ರಿಕೆಯನ್ನು ಸೇರಿಸಲು ಅದಕ್ಕೆ ಪೂರ್ಣ ಅಧಿಕಾರವಿದೆ. ಸೇರಿಸಿದ ಮೇಲೆ, ಮೂಲ ಒಡೆಯನು ತನ್ನ ಪಟ್ಟಿಯಿಂದ ಒಂದು ‘ಪುಸ್ತಕ’ವನ್ನು ತೆಗೆದು ಪುಟಗಳ ಸಂಖ್ಯೆಯನ್ನು ಕೇಳುತ್ತಾನೆ. ಧ್ವನಿಮುದ್ರಿಕೆಗೆ ಪುಟಗಳಿಲ್ಲ. ಎರಡೂ ಕಡೆಯವರು ತಮ್ಮ ತಮ್ಮ ನಿಯಮಕ್ಕೆ ಬದ್ಧರಾಗಿಯೇ ನಡೆದುಕೊಂಡಿದ್ದಾರೆ. ತಪ್ಪಿರುವುದು ಆ ಹಸ್ತಾಂತರದಲ್ಲಿ. ಪಟ್ಟಿಯನ್ನು ಓದುವುದಷ್ಟೇ ಉದ್ದೇಶವಾಗಿದ್ದರೆ ಹಸ್ತಾಂತರದಿಂದ ಕೇಡಿಲ್ಲ. ಬರೆಯುವ ಅವಕಾಶವೂ ಜೊತೆಗೇ ಹೋಗುತ್ತದೆ ಎಂಬುದೇ ಸಮಸ್ಯೆಯ ಬೇರು. ಕನ್ನಡದಲ್ಲಿ ‘ಪಟ್ಟಿ’ ಎಂದಾಗ ನಾವು ಸಾಮಾನ್ಯವಾಗಿ ಮುಗಿದ, ಓದುವುದಕ್ಕೆ ಇರುವ ಪಟ್ಟಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇವೆ. ಗಣಕದ ಪಟ್ಟಿ ಮಾತ್ರ ಸದಾ ತೆರೆದ ಕಡತ.

ಉಪಪ್ರಕಾರವೆಂದರೇನು ಎಂಬುದರ ಶಾಸ್ತ್ರೀಯ ಚರ್ಚೆಗೂ ಇದೇ ತಳಹದಿ. 1970ರ ದಶಕದಲ್ಲಿ ಎಂಐಟಿಯಲ್ಲಿ ‘ಕ್ಲೂ’ ಭಾಷೆಯನ್ನು ರೂಪಿಸಿದ ಬಾರ್ಬರಾ ಲಿಸ್ಕೋವ್, ಜೆನೆಟ್ ವಿಂಗ್ ಅವರೊಡನೆ 1994ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವರ್ತನೆಯನ್ನೇ ಉಪಪ್ರಕಾರದ ಮಾನದಂಡವಾಗಿ ಸ್ಥಾಪಿಸಿದರು. ಮೇಲಿನ ಪ್ರಕಾರದ ವಸ್ತು ಮಾಡಬಲ್ಲ ಕೆಲಸವನ್ನೆಲ್ಲ ಕೆಳಗಿನದು ಮಾಡಬಲ್ಲದಾದರೆ ಮಾತ್ರ ಬದಲಿ ಒಪ್ಪಿತ. ಈ ಮಾನದಂಡವನ್ನು ಅನ್ವಯಿಸಿದರೆ, ಧ್ವನಿಮುದ್ರಿಕೆಯನ್ನು ಸ್ವೀಕರಿಸಲಾರದ ಪುಸ್ತಕಗಳ ಪಟ್ಟಿಯು ಕೃತಿಗಳ ಪಟ್ಟಿಗೆ ಬದಲಿಯಾಗಲಾರದೆಂಬುದು ತಾನಾಗಿ ಸಿದ್ಧವಾಗುತ್ತದೆ. ಬರ್ಟ್ರಂಡ್ ಮೇಯರ್ ಅವರ ಐಫೆಲ್ ಭಾಷೆಯು ಇದಕ್ಕೆ ವಿರುದ್ಧವಾದ ನಿಲುವನ್ನು ತಳೆದಿತ್ತು. ಲೋಕವನ್ನು ಮಾದರಿಯಾಗಿ ಇಳಿಸುವಾಗ ಘಟಕದ ಸಂಬಂಧವನ್ನು ಸಂಗ್ರಹವೂ ಅನುಸರಿಸುವುದು, ಅಂದರೆ ‘ಕೋವೇರಿಯನ್ಸ್’, ಸಹಜವೆಂಬುದು ಆ ಪಕ್ಷದ ವಾದ. ಇದರಿಂದ ಉಂಟಾಗುವ ಬಿರುಕುಗಳನ್ನು ವಿಲಿಯಂ ಕುಕ್ 1989ರಲ್ಲಿಯೇ ತೋರಿಸಿಕೊಟ್ಟರು. ಮಾದರಿಯ ಸಹಜತೆಗೂ ಕಾರ್ಯಾಚರಣೆಯ ಸುರಕ್ಷತೆಗೂ ನಡುವಿನ ಈ ಜಗ್ಗಾಟ ಅಲ್ಲಿಂದೀಚೆಗೆ ಪೂರ್ತಿಯಾಗಿ ಶಮನಗೊಂಡಿಲ್ಲ.

ಜಾವಾ ಭಾಷೆ 1996ರಲ್ಲಿ ತನ್ನ ಮೊದಲ ಆವೃತ್ತಿಯನ್ನು ಕಂಡಾಗ ಅದರಲ್ಲಿ ಜೆನೆರಿಕ್ ಸೌಲಭ್ಯವಿರಲಿಲ್ಲ. ಎಲ್ಲ ಬಗೆಯ ಅರೇಗಳಿಗೂ ಅನ್ವಯಿಸುವ ಒಂದೇ ವಿಧಾನವನ್ನು ಬರೆಯಬೇಕಾದರೆ, ಯಾವುದೇ ವಸ್ತುವಿನ ಅರೇಯನ್ನು ‘ಆಬ್ಜೆಕ್ಟ್’ಗಳ ಅರೇಯೆಂದು ಕಾಣುವುದು ಬಿಟ್ಟರೆ ಅನ್ಯಮಾರ್ಗ ಇರಲಿಲ್ಲ. ಆದಕಾರಣ ಅರೇಗಳಿಗೆ ಕೋವೇರಿಯನ್ಸ್ ಅನ್ನು ಒಪ್ಪಲಾಯಿತು: ಪುಸ್ತಕಗಳ ಅರೇ ಕೃತಿಗಳ ಅರೇಯೂ ಹೌದು. ಇದಕ್ಕೆ ತೆತ್ತ ಬೆಲೆ, ಅರೇಯಲ್ಲಿ ವಸ್ತುವೊಂದನ್ನು ಇರಿಸುವಾಗ ಕಾರ್ಯಾಚರಣೆಯ ವೇಳೆಯಲ್ಲಿ ನಡೆಯಬೇಕಾದ ತಪಾಸಣೆ. ತಪ್ಪಾದ ವಸ್ತು ಬಂದರೆ ‘ಅರೇಸ್ಟೋರ್‌ಎಕ್ಸೆಪ್ಶನ್’ ಎಂಬ ದೋಷ ಹೊಮ್ಮುತ್ತದೆ. ಸಿ ಶಾರ್ಪ್ ಕೂಡ ಅರೇಗಳ ಮಟ್ಟಿಗೆ ಇದೇ ನಿಯಮವನ್ನು ಅಂಗೀಕರಿಸಿತು. ಅಲ್ಲಿ ಆ ದೋಷದ ಹೆಸರೇ ‘ಅರೇಟೈಪ್‌ಮಿಸ್‌ಮ್ಯಾಚ್‌ಎಕ್ಸೆಪ್ಶನ್’. ಈ ಏರ್ಪಾಟನ್ನು ದೂಷಿಸುವುದು ವಾಡಿಕೆ. ಆದರೆ ಒಂದು ಗುಣವನ್ನು ಅದಕ್ಕೆ ಸಲ್ಲಿಸಲೇಬೇಕು. ದೋಷವು ಕಂಪೈಲ್ ಆಗುವಾಗ ಸಿಕ್ಕದಿದ್ದರೂ, ತಪ್ಪು ವಸ್ತುವನ್ನು ಒಳಗಿಡಲು ಹೊರಟ ಅದೇ ಸಾಲಿನಲ್ಲಿ ಸಿಕ್ಕಿಬೀಳುತ್ತದೆ. ಅರೇಯು ತಾನು ಯಾವ ಪ್ರಕಾರದ್ದೆಂಬುದನ್ನು ಓಟದ ಕಾಲದಲ್ಲಿಯೂ ನೆನಪಿಟ್ಟುಕೊಂಡಿರುತ್ತದೆ.

ಸಂಗ್ರಹಗಳ ಕಥೆ ಬೇರೆ. 1998ರಲ್ಲಿ ಜಾವಾ 1.2ರೊಡನೆ ಜೋಶುವಾ ಬ್ಲಾಕ್ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಸಂಗ್ರಹ ಚೌಕಟ್ಟು ಹೊರಬಂದಿತು. ಅದರಲ್ಲಿ ಪ್ರತಿಯೊಂದು ಪಟ್ಟಿಯೂ ಏನನ್ನು ಬೇಕಾದರೂ ತುಂಬಬಹುದಾದ ಚೀಲ. ಹೊರತೆಗೆಯುವಾಗ ಪ್ರೋಗ್ರಾಮರ್ ತಾನೇ ‘ಇದು ಪುಸ್ತಕ’ ಎಂದು ಘೋಷಿಸಿ ಪರಿವರ್ತಿಸಿಕೊಳ್ಳಬೇಕಿತ್ತು. ಈ ಪರಿವರ್ತನೆಗೆ ‘ಕಾಸ್ಟ್’ ಎಂದು ಹೆಸರು. ಘೋಷಣೆ ಸುಳ್ಳಾದರೆ ‘ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್’. ಇಲ್ಲಿ ತಪ್ಪು ನಡೆದುದು ತುಂಬುವಾಗ, ಪತ್ತೆಯಾದುದು ತೆಗೆಯುವಾಗ. ಇವೆರಡರ ನಡುವೆ ಬೇರೆ ಬೇರೆಯವರು ಬರೆದ ಹತ್ತಾರು ಕಡತಗಳು ಇರಬಹುದು. ತುಂಬಿದ ಕೆಲಸ ಬೆಳಿಗ್ಗೆ ನಡೆದು ತೆಗೆದ ಕೆಲಸ ರಾತ್ರಿಯ ವರದಿಯಲ್ಲಿ ನಡೆದಿರಬಹುದು. ದೋಷಸೂಚನೆ ಬೊಟ್ಟು ಮಾಡುವುದು ನಿರಪರಾಧಿಯ ಕಡೆಗೆ.

ಈ ದೂರವನ್ನು ಇಲ್ಲವಾಗಿಸುವ ಪ್ರಯತ್ನಗಳು ಅಷ್ಟರಲ್ಲಿಯೇ ಆರಂಭವಾಗಿದ್ದವು. ಮಾರ್ಟಿನ್ ಓಡರ್ಸ್ಕಿ ಮತ್ತು ಫಿಲಿಪ್ ವಾಡ್ಲರ್ 1997ರಲ್ಲಿ ‘ಪಿಜ್ಜಾ’ ಎಂಬ ವಿಸ್ತೃತ ಜಾವಾವನ್ನು ಮಂಡಿಸಿದರು. ಅವರೊಡನೆ ಗಿಲಾಡ್ ಬ್ರಾಚಾ ಮತ್ತು ಡೇವಿಡ್ ಸ್ಟೌಟಮೈರ್ ಸೇರಿ 1998ರಲ್ಲಿ ‘ಜಿಜೆ’ ಎಂಬ ರೂಪವನ್ನು ಪ್ರಕಟಿಸಿದರು. ಭವಿಷ್ಯವನ್ನು ಭೂತಕಾಲಕ್ಕೆ ಸುರಕ್ಷಿತಗೊಳಿಸುವುದು ಎಂಬ ಅರ್ಥ ಬರುವ ಆ ಪ್ರಬಂಧದ ಶೀರ್ಷಿಕೆಯಲ್ಲಿಯೇ ಇಡೀ ಯೋಜನೆಯ ಧೋರಣೆ ಅಡಗಿದೆ. ಹಳೆಯ ಪ್ರೋಗ್ರಾಂಗಳು ಕೆಡಬಾರದು; ಜೆನೆರಿಕ್ ಅರಿಯದ ಹಳೆಯ ಗ್ರಂಥಸಂಚಯಗಳೂ ಹೊಸ ಬರಹವೂ ಒಂದೇ ವರ್ಚುವಲ್ ಮೆಷಿನ್ ಮೇಲೆ ಕೂಡಿ ನಡೆಯಬೇಕು. ಜೆಎಸ್‌ಆರ್ 14 ಎಂಬ ಪ್ರಸ್ತಾವದ ಮೂಲಕ ಈ ವಿಚಾರ ಮುಂದುವರಿದು, 2004ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಜಾವಾ 5ರಲ್ಲಿ ಜೆನೆರಿಕ್ ಸೌಲಭ್ಯ ಭಾಷೆಯ ಅಂಗವಾಯಿತು.

ಹಳೆಯದರೊಡನೆ ಹೊಂದಿಕೊಳ್ಳುವುದಕ್ಕಾಗಿ ಆಯ್ದ ತಂತ್ರವೇ ‘ಇರೇಶರ್’, ಅಳಿಸುವಿಕೆ. ಖಾಲಿ ಜಾಗದಲ್ಲಿ ತುಂಬಿದ ಪ್ರಕಾರವನ್ನು ಕಂಪೈಲರ್ ತನ್ನ ತಪಾಸಣೆಗೆ ಬಳಸಿಕೊಂಡು, ತಪಾಸಣೆ ಮುಗಿದ ಮೇಲೆ ಅಳಿಸಿಬಿಡುತ್ತದೆ. ಓಟದ ಕಾಲಕ್ಕೆ ಪುಸ್ತಕಗಳ ಪಟ್ಟಿ, ಧ್ವನಿಮುದ್ರಿಕೆಗಳ ಪಟ್ಟಿ ಎಂಬ ಭೇದವಿಲ್ಲ. ಇರುವುದು ಬರಿಯ ಪಟ್ಟಿ. ಒಳಗಿನಿಂದ ವಸ್ತುವನ್ನು ತೆಗೆಯುವ ಸಾಲುಗಳಲ್ಲಿ ಅಗತ್ಯವಾದ ಕಾಸ್ಟ್‌ಗಳನ್ನು ಹಿಂದೆ ಪ್ರೋಗ್ರಾಮರ್ ಕೈಯಾರೆ ಬರೆಯುತ್ತಿದ್ದರೆ, ಈಗ ಕಂಪೈಲರ್ ಮರೆಯಲ್ಲಿ ಸೇರಿಸುತ್ತದೆ.

ವಿಷಯದ ಮರ್ಮ ಇರುವುದು ಇಲ್ಲಿಯೇ. ಬರಹವೆಲ್ಲ ಜೆನೆರಿಕ್ ನಿಯಮಗಳನ್ನು ಪಾಲಿಸಿದಾಗ ಈ ಗುಪ್ತ ಕಾಸ್ಟ್‌ಗಳು ವಿಫಲವಾಗುವುದಿಲ್ಲವೆಂಬುದು ಭಾಷೆಯ ಆಶ್ವಾಸನೆ. ಆದರೆ ಹಳೆಯ ಶೈಲಿಯ, ಪ್ರಕಾರವನ್ನೇ ತುಂಬದ ‘ರಾ’ ಪಟ್ಟಿಯನ್ನು ಬಳಸಲು ಭಾಷೆ ಅವಕಾಶವಿತ್ತಿದೆ. ಪುಸ್ತಕಗಳ ಪಟ್ಟಿಯನ್ನು ರಾ ಪಟ್ಟಿಯಾಗಿ ಕೈಬದಲಾಯಿಸಿ, ಅದಕ್ಕೆ ಧ್ವನಿಮುದ್ರಿಕೆಯನ್ನು ಸೇರಿಸಿದರೆ ಕಂಪೈಲರ್ ದೋಷವೆಂದು ನಿಲ್ಲಿಸದೆ ‘ಅನ್‌ಚೆಕ್ಡ್’ ಎಂಬ ಎಚ್ಚರಿಕೆಯನ್ನಷ್ಟೇ ನೀಡಿ ಮುಂದೆ ಸಾಗುತ್ತದೆ. ಅರೇಯಾಗಿದ್ದರೆ ಅದೇ ಕ್ಷಣದಲ್ಲಿ ತಡೆಯುತ್ತಿತ್ತು. ಪಟ್ಟಿಗೆ ತನ್ನ ಪ್ರಕಾರ ನೆನಪಿಲ್ಲವಾದ್ದರಿಂದ ಅದು ಎಲ್ಲವನ್ನೂ ಸ್ವೀಕರಿಸುತ್ತದೆ. ಈ ಸ್ಥಿತಿಗೆ ಜಾವಾ ಭಾಷಾನಿರೂಪಣೆಯು ‘ಹೀಪ್ ಪೊಲ್ಯೂಶನ್’, ಅಂದರೆ ಸ್ಮೃತಿಮಾಲಿನ್ಯ, ಎಂಬ ಹೆಸರನ್ನೇ ಕೊಟ್ಟಿದೆ. ಮುಂದೆ ಎಂದೋ, ಇನ್ನಾವುದೋ ಕಡತದಲ್ಲಿ, ಪುಸ್ತಕವೊಂದನ್ನು ತೆಗೆದುಕೊಳ್ಳುವ ಸರಳ ಸಾಲೊಂದರಲ್ಲಿ ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್ ಸಿಡಿಯುತ್ತದೆ. ಆ ಸಾಲನ್ನು ತೆರೆದು ನೋಡಿದರೆ ಅಲ್ಲಿ ಕಾಸ್ಟ್ ಎಂಬುದೇ ಇಲ್ಲ! ಬರೆಯದೆ ಇರುವ ಆದೇಶವೊಂದು ವಿಫಲವಾದುದನ್ನು ಓದುಗನು ಊಹಿಸಿಕೊಳ್ಳಬೇಕಾಗುತ್ತದೆ.

ಇದು ಹಳೆಯ ಬರಹಕ್ಕೆ ಮಾತ್ರ ಸೀಮಿತವಾದ ತೊಂದರೆಯೆಂದು ತಿಳಿಯಲಾಗದು. ಜೇಸನ್ ರೂಪದ ಪಠ್ಯವನ್ನು ವಸ್ತುಗಳಾಗಿ ಪರಿವರ್ತಿಸುವ ಜಾಕ್ಸನ್ ಎಂಬ ಗ್ರಂಥಸಂಚಯಕ್ಕೆ ‘ಪಟ್ಟಿ ಬೇಕು’ ಎಂದಷ್ಟೇ ತಿಳಿಸಿದರೆ, ಪಟ್ಟಿಯ ಒಳಗೆ ಏನಿರಬೇಕೆಂಬುದು ಅಳಿಸಿಹೋಗಿರುವುದರಿಂದ ಅದು ಪ್ರತಿ ನಮೂದನ್ನೂ ‘ಲಿಂಕ್ಡ್‌ಹ್ಯಾಶ್‌ಮ್ಯಾಪ್’ ಆಗಿ ತುಂಬಿಕೊಡುತ್ತದೆ. ಆ ಪಟ್ಟಿಗೆ ಪುಸ್ತಕಗಳ ಪಟ್ಟಿಯೆಂದು ಹೆಸರಿಟ್ಟರೂ ಪಟ್ಟಿಯ ಗಾತ್ರ ಸರಿ ಬರುತ್ತದೆ, ಮುದ್ರಿಸಿದರೆ ಶೀರ್ಷಿಕೆಗಳೂ ಕಾಣುತ್ತವೆ. ಮೊದಲ ಪುಸ್ತಕದ ಲೇಖಕರನ್ನು ಕೇಳಿದಾಗ ಮಾತ್ರ ಲಿಂಕ್ಡ್‌ಹ್ಯಾಶ್‌ಮ್ಯಾಪನ್ನು ಪುಸ್ತಕವಾಗಿ ಪರಿವರ್ತಿಸಲಾಗದೆಂಬ ದೂರು ಬರುತ್ತದೆ. ಪ್ರಕಾರದ ವಿವರವು ವಸ್ತುಗಳ ಮೇಲೆ ಉಳಿಯದಿದ್ದರೂ ಕ್ಲಾಸ್‌ಗಳ ಘೋಷಣೆಗಳಲ್ಲಿ ಉಳಿದಿರುತ್ತದೆ. ಜಾಕ್ಸನ್ ಒದಗಿಸುವ ‘ಟೈಪ್‌ರೆಫರೆನ್ಸ್’ ಎಂಬ ಉಪಾಯ ಈ ಸಣ್ಣ ಕಿಂಡಿಯನ್ನೇ ಬಳಸಿಕೊಂಡು ಕಳೆದ ಮಾಹಿತಿಯನ್ನು ಮರಳಿ ಪಡೆಯುತ್ತದೆ. ಮಾಲಿನ್ಯದ ಮೂಲವನ್ನು ಹುಡುಕಲು ಜಾವಾದಲ್ಲಿಯೇ ‘ಚೆಕ್ಡ್‌ಲಿಸ್ಟ್’ ಎಂಬ ಹೊದಿಕೆಯಿದೆ. ಅದು ತುಂಬುವ ಕ್ಷಣದಲ್ಲಿಯೇ ತಪಾಸಣೆ ನಡೆಸಿ, ದೋಷವನ್ನು ಹುಟ್ಟಿದ ಜಾಗಕ್ಕೆ ಎಳೆದು ತರುತ್ತದೆ. ಇಷ್ಟು ಉಪಯುಕ್ತವಾದ ಈ ಸಾಧನದ ಪರಿಚಯ ಪಠ್ಯಪುಸ್ತಕಗಳಲ್ಲಿ ವಿರಳವೆಂಬುದು ಖೇದಕರ.

ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಬೇರೆ ಹಾದಿ ಹಿಡಿಯಿತು. ಕೇಂಬ್ರಿಡ್ಜ್‌ನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದ ಆಂಡ್ರ್ಯೂ ಕೆನಡಿ ಮತ್ತು ಡಾನ್ ಸೈಮ್ 2001ರಲ್ಲಿ ಪ್ರಕಟಿಸಿದ ವಿನ್ಯಾಸದಲ್ಲಿ ಪ್ರಕಾರವನ್ನು ಓಟದ ಕಾಲದವರೆಗೂ ಕಾಪಾಡಿಕೊಳ್ಳುವ ವ್ಯವಸ್ಥೆಯಿತ್ತು. 2005ರಲ್ಲಿ ಡಾಟ್‌ನೆಟ್ 2.0ರೊಡನೆ ಅದು ಬಳಕೆಗೆ ಬಂದಿತು. ಅಲ್ಲಿ ಪುಸ್ತಕಗಳ ಪಟ್ಟಿಗೆ ತಾನು ಪುಸ್ತಕಗಳ ಪಟ್ಟಿಯೆಂಬುದು ಗೊತ್ತಿರುತ್ತದೆ, ಸ್ಮೃತಿಮಾಲಿನ್ಯಕ್ಕೆ ಎಡೆಯಿಲ್ಲ. ಇದಕ್ಕಾಗಿ ಹಳೆಯ ಸಂಗ್ರಹಗಳನ್ನು ಹಾಗೆಯೇ ಬಿಟ್ಟು, ಹೊಸ ಸಂಗ್ರಹಗಳ ಸಮಾನಾಂತರ ಕುಟುಂಬವೊಂದನ್ನು ಬೇರೆ ಹೆಸರಿನಡಿ ಕಟ್ಟಬೇಕಾಯಿತು. ಜಾವಾ ಈ ಇಬ್ಬಗೆಯನ್ನು ಬಯಸಲಿಲ್ಲ. ಎರಡರಲ್ಲಿ ಯಾವುದು ಮೇಲೆಂಬ ವಾದ ಇಂದಿಗೂ ನಡೆದೇ ಇದೆ. ದೋಷದ ಗೋಚರತೆಯೊಂದನ್ನೇ ಅಳತೆಯಾಗಿ ಇಟ್ಟುಕೊಂಡರೆ ಡಾಟ್‌ನೆಟ್‌ನ ಆಯ್ಕೆ ಮೇಲೆನ್ನಬೇಕಾಗುತ್ತದೆ.

ಇನ್ನು, ಓದುವುದಕ್ಕಷ್ಟೇ ಬೇಕಾದಾಗಲೂ ಪುಸ್ತಕಗಳ ಪಟ್ಟಿಯನ್ನು ನಿರಾಕರಿಸುವುದು ಅತಿಯಾದ ಕಟ್ಟುನಿಟ್ಟಲ್ಲವೇ ಎಂಬ ಆಕ್ಷೇಪಕ್ಕೆ ಜಾವಾ ನೀಡಿದ ಉತ್ತರ ‘ವೈಲ್ಡ್‌ಕಾರ್ಡ್’. ಅತ್ಸುಶಿ ಇಗರಾಶಿ ಮತ್ತು ಮಿರ್ಕೊ ವಿರೋಲಿ 2002ರಲ್ಲಿ ಮಂಡಿಸಿದ ಸಿದ್ಧಾಂತದ ಮೇಲೆ, ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಮ್ಯಾಡ್ಸ್ ಟೋರ್ಗರ್ಸನ್ ಮೊದಲಾದವರು ಅದನ್ನು ಬೆಳೆಸಿದರು. ಪ್ರಶ್ನಚಿಹ್ನೆಯಿಂದ ಸೂಚಿತವಾಗುವ ಈ ರೂಪದಲ್ಲಿ ‘ಕೃತಿಯ ಯಾವುದೋ ಒಂದು ಉಪಪ್ರಕಾರದ ಪಟ್ಟಿ’ ಎಂದು ಹೇಳಲು ಸಾಧ್ಯ. ಅಂಥ ಪಟ್ಟಿಯಿಂದ ತೆಗೆದುದೆಲ್ಲವೂ ಖಂಡಿತವಾಗಿ ಕೃತಿ. ಆದರೆ ಆ ಉಪಪ್ರಕಾರ ಯಾವುದೆಂದು ತಿಳಿಯದ ಕಾರಣ ಅದಕ್ಕೆ ‘ನಲ್’ ಹೊರತು ಏನನ್ನೂ ಸೇರಿಸುವಂತಿಲ್ಲ. ಇದರ ಪ್ರತಿರೂಪವಾಗಿ ‘ಪುಸ್ತಕದ ಯಾವುದೋ ಮೇಲ್ಪ್ರಕಾರದ ಪಟ್ಟಿ’ಗೆ ಪುಸ್ತಕವನ್ನು ಧಾರಾಳವಾಗಿ ಸೇರಿಸಬಹುದು, ತೆಗೆಯುವಾಗ ಮಾತ್ರ ಸಿಕ್ಕುವುದು ಬರಿಯ ಆಬ್ಜೆಕ್ಟ್. ಕೊಡುವ ಸಂಗ್ರಹಕ್ಕೆ ‘ಎಕ್ಸ್‌ಟೆಂಡ್ಸ್’, ಕೊಳ್ಳುವ ಸಂಗ್ರಹಕ್ಕೆ ‘ಸೂಪರ್’ ಎಂಬ ಸೂತ್ರವನ್ನು ಬ್ಲಾಕ್ ತಮ್ಮ ‘ಇಫೆಕ್ಟಿವ್ ಜಾವಾ’ ಗ್ರಂಥದ 2008ರ ಆವೃತ್ತಿಯಲ್ಲಿ ನೀಡಿದ್ದಾರೆ. ಸಿದ್ಧಾಂತವಾಗಿ ಇದು ಸುಂದರ. ಪ್ರಯೋಗದಲ್ಲಿ, ‘ಕ್ಯಾಪ್ಚರ್’ ಎಂಬ ಪದವನ್ನೊಳಗೊಂಡ ಅದರ ದೋಷಸೂಚನೆಗಳು ನುರಿತವರನ್ನೂ ಕಂಗೆಡಿಸುವಷ್ಟು ಕ್ಲಿಷ್ಟ.

ಈ ಹೊರೆಯನ್ನು ಬಳಸುವವನ ಮೇಲಿನಿಂದ ರಚಿಸುವವನ ಮೇಲಕ್ಕೆ ವರ್ಗಾಯಿಸುವ ಕ್ರಮವನ್ನು ಓಡರ್ಸ್ಕಿಯವರದೇ ಸ್ಕಾಲಾ ಭಾಷೆ ಅನುಸರಿಸಿತು. ಸಂಗ್ರಹವನ್ನು ಘೋಷಿಸುವಾಗಲೇ ಅದು ಕೊಡುವುದೋ ಕೊಳ್ಳುವುದೋ ಎಂದು ನಮೂದಿಸಿದರೆ ಸಾಕು. 2010ರ ಸಿ ಶಾರ್ಪ್ 4.0 ಇಂಟರ್‌ಫೇಸ್ ಮತ್ತು ಡೆಲಿಗೇಟ್‌ಗಳಿಗೆ ‘ಇನ್’, ‘ಔಟ್’ ಎಂಬ ಗುರುತುಗಳನ್ನು ತಂದಿತು. 2016ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ಕಾಟ್ಲಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಓದುವ ಪಟ್ಟಿಯನ್ನೂ ಬದಲಾಯಿಸಬಹುದಾದ ಪಟ್ಟಿಯನ್ನೂ ಎರಡು ಬೇರೆ ಪ್ರಕಾರಗಳಾಗಿ ವಿಂಗಡಿಸಿತು. ಅಲ್ಲಿ ‘ಲಿಸ್ಟ್’ ಎಂದರೆ ಓದುವ ಪಟ್ಟಿ. ಪುಸ್ತಕಗಳ ಅಂಥ ಪಟ್ಟಿ ಕೃತಿಗಳ ಪಟ್ಟಿಯೂ ಹೌದು. ಲೋಕವ್ಯವಹಾರದ ‘ಪಟ್ಟಿ’ ಎಂಬ ಮಾತಿಗೆ ಬಹುಶಃ ಇದೇ ಅತ್ಯಂತ ಸಮೀಪದ ರೂಪ. ಡಾರ್ಟ್ ಭಾಷೆ ಮಾತ್ರ ಎಲ್ಲ ಜೆನೆರಿಕ್‌ಗಳಿಗೂ ಕೋವೇರಿಯನ್ಸ್ ಅನ್ನು ಇಟ್ಟುಕೊಂಡು, ಬರೆಯುವಾಗ ಓಟದ ಕಾಲದ ತಪಾಸಣೆ ನಡೆಸುತ್ತದೆ. 1996ರ ಜಾವಾ ಅರೇಗಳ ಒಪ್ಪಂದ ಅಲ್ಲಿ ಮರುಹುಟ್ಟು ಪಡೆದಿದೆ ಎನ್ನಬಹುದು.

ಇಷ್ಟಾದರೂ ಕಂಪೈಲರಿಗೂ ಸಿಕ್ಕದ, ಓಟದ ಕಾಲದಲ್ಲಿಯೂ ದೋಷವಾಗಿ ಹೊಮ್ಮದ ವಿಸಂಗತಿಯೊಂದು ಉಳಿಯುತ್ತದೆ. ಅಪಾಯದ ದೃಷ್ಟಿಯಿಂದ ಮಿಕ್ಕವುಗಳಿಗಿಂತ ಇದೇ ಗಂಭೀರವಾದುದು. ಗ್ರಂಥಾಲಯದ ಪರಿಗ್ರಹಣ ಸಂಖ್ಯೆಗಳನ್ನು ‘ಲಾಂಗ್’ ಪ್ರಕಾರದ ಕೀಲಿಗಳಾಗಿಸಿ, ಪ್ರತಿಯೊಂದಕ್ಕೂ ಒಂದು ಪುಸ್ತಕವನ್ನು ಜೋಡಿಸಿದ ಮ್ಯಾಪ್ ಒಂದು ಜಾವಾದಲ್ಲಿದೆಯೆಂದಿಟ್ಟುಕೊಳ್ಳೋಣ. ಅದರಲ್ಲಿ 4217 ಎಂಬ ಸಂಖ್ಯೆಯ ಪುಸ್ತಕವಿದೆ. ‘4217ನ್ನು ಕೊಡು’ ಎಂದು ನೇರವಾಗಿ ಬರೆದರೆ ಆ ಸಂಖ್ಯೆ ‘ಇಂಟಿಜರ್’ ಪ್ರಕಾರದ ವಸ್ತುವಾಗುತ್ತದೆ. ಇಂಟಿಜರ್ 4217 ಮತ್ತು ಲಾಂಗ್ 4217 ಪರಸ್ಪರ ಸಮವಲ್ಲ. ಮ್ಯಾಪಿನ ‘ಗೆಟ್’ ವಿಧಾನವು ಯಾವ ಪ್ರಕಾರದ ಕೀಲಿಯನ್ನೂ ಒಪ್ಪುವುದರಿಂದ ಕಂಪೈಲರ್ ಆಕ್ಷೇಪಿಸುವುದಿಲ್ಲ. ಓಟದಲ್ಲಿ ಯಾವ ದೋಷವೂ ಹೊಮ್ಮುವುದಿಲ್ಲ. ಸಿಕ್ಕುವ ಉತ್ತರ ‘ನಲ್’. ಪರದೆಯ ಮೇಲೆ ‘ಈ ಪುಸ್ತಕ ಲಭ್ಯವಿಲ್ಲ’ ಎಂದು ಮೂಡುತ್ತದೆ. ಪುಸ್ತಕ ಕಪಾಟಿನಲ್ಲಿಯೇ ಇದೆ. ‘ಕಂಟೇನ್ಸ್’, ‘ರಿಮೂವ್’ ವಿಧಾನಗಳದೂ ಇದೇ ಸ್ವಭಾವ.

ಈ ಸಡಿಲಿಕೆಗೆ ಸಮರ್ಥನೆಯಿಲ್ಲದಿಲ್ಲ. ಜಾವಾದಲ್ಲಿ ಸಮಾನತೆಯು ಬೇರೆ ಬೇರೆ ಕ್ಲಾಸ್‌ಗಳ ನಡುವೆಯೂ ಸಾಧ್ಯ. ಒಂದೇ ಘಟಕಗಳನ್ನು ಒಂದೇ ಕ್ರಮದಲ್ಲಿ ಹೊಂದಿರುವ ಅರೇಲಿಸ್ಟ್ ಮತ್ತು ಲಿಂಕ್ಡ್‌ಲಿಸ್ಟ್ ಸಮವೆನಿಸುತ್ತವೆ. ಸೇರಿಸುವ ವಿಧಾನಗಳಿಂದ ಸಂಗ್ರಹ ಕೆಡಬಹುದು, ಹುಡುಕುವ ವಿಧಾನಗಳಿಂದ ಕೆಡದು ಎಂಬ ತರ್ಕವೂ ಸರಿಯೇ. ಆದರೆ ಹುಡುಕಿದವನು ಕೆಡಬಹುದೆಂಬುದನ್ನು ಆ ತರ್ಕ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಸಿ ಶಾರ್ಪ್‌ನ ಜೆನೆರಿಕ್ ಡಿಕ್ಷನರಿ ಕೀಲಿಯ ಪ್ರಕಾರವನ್ನೇ ಕೇಳುವುದರಿಂದ ಅಲ್ಲಿ ಇದೇ ಸಂಖ್ಯೆ ಲಾಂಗ್ ಆಗಿ ತಾನಾಗಿ ಪರಿವರ್ತಿತವಾಗಿ ಪುಸ್ತಕ ದೊರೆಯುತ್ತದೆ. ಜಾವಾ ಬಳಕೆದಾರರಿಗಾಗಿ ಗೂಗಲ್ ಸಿದ್ಧಪಡಿಸಿದ ‘ಎರರ್ ಪ್ರೋನ್’ ಎಂಬ ಪರಿಶೋಧಕ ಸಾಧನವು ಹೊಂದದ ಪ್ರಕಾರದಿಂದ ಸಂಗ್ರಹದಲ್ಲಿ ಹುಡುಕುವ ಇಂಥ ಸಾಲುಗಳನ್ನು ಕಂಪೈಲ್ ವೇಳೆಯಲ್ಲಿಯೇ ದೋಷವೆಂದು ಗುರುತಿಸುತ್ತದೆ.

ಕಂಪೈಲರಿನ ಆಶ್ವಾಸನೆ ಎಷ್ಟರಮಟ್ಟಿಗೆ ಪೂರ್ಣ ಎಂಬ ಪ್ರಶ್ನೆಗೆ 2016ರಲ್ಲಿ ಅನಿರೀಕ್ಷಿತವಾದ ಉತ್ತರವೊಂದು ಬಂದಿತು. ಸಂಶೋಧಕರಾದ ನಾದಾ ಅಮೀನ್ ಮತ್ತು ರಾಸ್ ಟೇಟ್, ಜಾವಾ ಮತ್ತು ಸ್ಕಾಲಾ ಎರಡರ ಪ್ರಕಾರ ವ್ಯವಸ್ಥೆಯೂ ತಾರ್ಕಿಕವಾಗಿ ಸಮರ್ಪಕವಲ್ಲವೆಂದು ತೋರಿಸಿದರು. ರಾ ಪಟ್ಟಿಯಿಲ್ಲ, ಕೈಬರಹದ ಕಾಸ್ಟ್ ಇಲ್ಲ. ವೈಲ್ಡ್‌ಕಾರ್ಡ್‌ಗಳ ಮಿತಿಗಳನ್ನೂ ‘ನಲ್’ ಎಂಬ ಶೂನ್ಯ ಮೌಲ್ಯವನ್ನೂ ಜಾಣತನದಿಂದ ಹೆಣೆದು, ಒಂದು ಪ್ರಕಾರದ ವಸ್ತುವನ್ನು ಸಂಬಂಧವೇ ಇಲ್ಲದ ಮತ್ತೊಂದು ಪ್ರಕಾರವೆಂದು ಒಪ್ಪಿಸುವ ಪುಟ್ಟ ಪ್ರೋಗ್ರಾಂ ಅವರದು. ಜಾವಾದಲ್ಲಿ ಜೆನೆರಿಕ್ ಬಂದು 12 ವರ್ಷಗಳಾಗಿದ್ದವು. ಆ ಪ್ರೋಗ್ರಾಂ ಓಡಿಸಿದಾಗ ಸ್ಮೃತಿ ಮಾತ್ರ ಹದಗೆಡುವುದಿಲ್ಲ. ಅಳಿಸುವಿಕೆಯ ಕಾರಣದಿಂದ ಕಂಪೈಲರ್ ಮರೆಯಲ್ಲಿ ಸೇರಿಸುತ್ತಿದ್ದ, ದೋಷ ಹುಡುಕುವವರನ್ನು ಅಷ್ಟು ಕಾಲ ಗೊಂದಲಗೊಳಿಸುತ್ತಿದ್ದ ಅದೇ ಗುಪ್ತ ಕಾಸ್ಟ್ ಅಲ್ಲಿಯೂ ಇರುತ್ತದೆ. ಅದು ವಸ್ತುವನ್ನು ತಡೆದು ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್ ಹೊಮ್ಮಿಸುತ್ತದೆ.